ಇವತ್ತಿನ ಪಾಲಿನ ಭರವಸೆ

ದೇವರು ಇದ್ದಾನೆ ಎಂದು ನಂಬುವುದು ಬೇರೆ, ದೇವರನ್ನು ನಂಬಿ ಬದುಕುವುದು ಬೇರೆ. ಹೊಳೆಗೆ ಅಡ್ಡ ಹಾಕಿದ ಸಂಕ ಗಟ್ಟಿಯಾಗಿದೆ ಎಂದು ದಡದಲ್ಲಿ ನಿಂತು ಯಾರು ಬೇಕಾದರೂ ಹೇಳಬಹುದು. ಜಡಿಮಳೆಯಲ್ಲಿ, ತಲೆಯ ಮೇಲೆ ಹೊರೆ ಹೊತ್ತು, ಅದರ ಮೇಲೆ ಕಾಲಿಡುವುದು ಇನ್ನೊಂದು ಮಾತು. ಕ್ರೈಸ್ತ ಬೋಧನೆಯಲ್ಲಿ ದೇವರ ಮೇಲೆ ಭರವಸೆ ಇಡುವುದೆಂದರೆ ಹೀಗೆ ಕಾಲಿಡುವುದು. ಬೈಬಲಿನ ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ‘ನಂಬು’ ಎಂಬ ಕ್ರಿಯಾಪದವೂ ಪ್ರಾರ್ಥನೆಯ ಕೊನೆಗೆ ಬರುವ ‘ಆಮೆನ್’ ಎಂಬ ಮಾತೂ ಒಂದೇ ಧಾತುವಿನಿಂದ ಹುಟ್ಟಿವೆ. ಆ ಧಾತುವಿನ ಅರ್ಥ ಗಟ್ಟಿಯಾಗಿರುವುದು, ಅಲುಗದೆ ನಿಲ್ಲುವುದು. ಅಂದರೆ ಇಲ್ಲಿ ಮುಖ್ಯವಾದದ್ದು ದಾಟುವವನ ಎದೆಗಾರಿಕೆಯಲ್ಲ, ಸಂಕದ ಗಟ್ಟಿತನ. ಕಾಲು ನಡುಗುತ್ತಲೇ ದಾಟಿದವನೂ ದಾಟಿದವನೇ.

ಈ ಭರವಸೆಗೆ ಬೈಬಲ್ ಒಂದು ಅಳತೆಯನ್ನು ಹೇಳುತ್ತದೆ. ಆ ಅಳತೆ ಒಂದು ದಿನ. ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿ ಐಗುಪ್ತದ, ಅಂದರೆ ಈಜಿಪ್ಟಿನ, ದಾಸತ್ವದಿಂದ ಬಿಡುಗಡೆಯಾದ ಇಸ್ರೇಲ್ ಜನ ಮರಳುಗಾಡಿನಲ್ಲಿ ಹಸಿದು ಗೊಣಗುತ್ತಾರೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ನೆಲದ ಮೇಲೆ ತೆಳ್ಳಗಿನ, ಬಿಳಿಯ ಏನೋ ಒಂದು ಕಾಣುತ್ತದೆ. ಅದೇ ಮನ್ನ. ತಲೆಗೆ ಒಂದು ಓಮೆರ್, ಅಂದರೆ ಸುಮಾರು ಎರಡು ಲೀಟರ್ ಹಿಡಿಯುವಷ್ಟು, ಕೂಡಿಸಿಕೊಳ್ಳಲು ಅಪ್ಪಣೆಯಾಗುತ್ತದೆ. ನಾಳೆಗಿರಲಿ ಎಂದು ಎತ್ತಿಟ್ಟವರ ಮನ್ನ ಬೆಳಗಾಗುವುದರೊಳಗೆ ಹುಳ ಬಿದ್ದು ನಾರುತ್ತದೆ. ಆರನೆಯ ದಿನ ಮಾತ್ರ ಎರಡು ಪಾಲು ಸಿಗುತ್ತದೆ. ಮರುದಿನ ಸಬ್ಬತ್, ವಿಶ್ರಾಂತಿಯ ದಿನ. ಆ ಎರಡನೆಯ ಪಾಲು ಕೆಡುವುದಿಲ್ಲ. ಹೀಗೆ ನಲವತ್ತು ವರ್ಷ. ಇದು ಹೊಟ್ಟೆ ತುಂಬಿಸಿದ ಕಥೆ ಎಷ್ಟೋ, ಅಷ್ಟೇ ಮಟ್ಟಿಗೆ ಅಭ್ಯಾಸ ಮಾಡಿಸಿದ ಕಥೆಯೂ ಹೌದು. ತಲೆಮಾರುಗಳ ಕಾಲ ಯಜಮಾನನ ಉಗ್ರಾಣ ನಂಬಿಕೊಂಡಿದ್ದವರು ಪ್ರತಿದಿನ ಖಾಲಿ ಪಾತ್ರೆ ಹಿಡಿದು ಹೊರಡುವುದನ್ನು ಕಲಿಯಬೇಕಾಯಿತು.

ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲೂ ಇದೇ ಅಳತೆಯಿದೆ. ಅಲ್ಲಿ ಕೇಳುವುದು ವರ್ಷದ ದವಸವನ್ನಲ್ಲ, ಆ ಹೊತ್ತಿನ ಆಹಾರವನ್ನು. ‘ಅನುದಿನದ’ ಎಂದು ಅನುವಾದವಾಗಿರುವ ಮೂಲ ಗ್ರೀಕ್ ಪದ ಬೈಬಲಿನಾಚೆಗಿನ ಗ್ರೀಕಿನಲ್ಲಿ ಹೆಚ್ಚುಕಡಿಮೆ ಎಲ್ಲೂ ಕಾಣಸಿಗುವುದಿಲ್ಲ. ಇವತ್ತಿಗೆ ಬೇಕಾದದ್ದು ಎಂದು ಕೆಲವು ಪಂಡಿತರು ಅರ್ಥ ಹೇಳಿದರೆ, ಬರುವ ದಿನಕ್ಕೆ ಬೇಕಾದದ್ದು ಎಂದು ಇನ್ನು ಕೆಲವರು. ಹೇಗೆ ಓದಿದರೂ ಅದು ಒಂದು ದಿನದ ಮಾತೇ. ಯೇಸುವಿನ ಮಾತಿಗೆ ಕಿವಿಗೊಟ್ಟವರಲ್ಲಿ ಹಲವರು ದಿನಗೂಲಿಯವರು, ಬೆಸ್ತರು, ಸಣ್ಣ ರೈತರು. ಕೂಲಿಯಾಳನ್ನು ಮುಂಜಾನೆ ಸಂತೆಬೀದಿಯಿಂದ ಕರೆತಂದು ಸಂಜೆಗೆ ಒಂದು ದಿನಾರಿ ಕೊಟ್ಟು ಕಳುಹಿಸುವ ಕಾಲ ಅದು. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಹಕ್ಕಿಗಳನ್ನೂ ಹೊಲದ ಹೂಗಳನ್ನೂ ತೋರಿಸಿ ಚಿಂತೆ ಬಿಡಿ ಎಂದು ಯೇಸು ಹೇಳಿದ್ದು ಇಂಥವರಿಗೆ. ಹಾಗಾಗಿ ಇದನ್ನು ಉಂಡು ಕುಳಿತವರ ಉಪದೇಶ ಎಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಹಕ್ಕಿಯ ಉದಾಹರಣೆಯಲ್ಲಿ ಸೋಮಾರಿತನಕ್ಕೂ ಜಾಗವಿಲ್ಲ. ನಸುಕಿಗೇ ಎದ್ದು ಕಾಳು ಹುಡುಕದ ಹಕ್ಕಿ ಯಾವುದಿದೆ?

ಈ ಬೋಧನೆಯನ್ನು ಅಕ್ಷರಶಃ ಬದುಕಿ, ಅದರ ಲೆಕ್ಕವನ್ನು ಪೈಸೆ ಪೈಸೆಗೆ ಬರೆದಿಟ್ಟ ಒಬ್ಬರು ಜಾರ್ಜ್ ಮ್ಯೂಲರ್. 1805ರಲ್ಲಿ ಪ್ರಷ್ಯದಲ್ಲಿ ಹುಟ್ಟಿ, ಹಾಲೆ ವಿಶ್ವವಿದ್ಯಾಲಯದಲ್ಲಿ ಓದಿ, 1829ರಲ್ಲಿ ಇಂಗ್ಲೆಂಡಿಗೆ ಬಂದವರು. ಮರುವರ್ಷ, ಸಭಾಪಾಲಕರಾಗಿದ್ದಾಗಲೇ, ಗೊತ್ತುಪಡಿಸಿದ ಸಂಬಳ ಬೇಡವೆಂದರು. 1832ರಲ್ಲಿ ಬ್ರಿಸ್ಟಲ್ ನಗರಕ್ಕೆ ಹೋದರು. ಅಲ್ಲಿ ಅವರ ಮನಸ್ಸನ್ನು ಕಲಕಿದ್ದು ಸಭೆಯ ಸಾಧಾರಣ ಜನರ ಅಂಜಿಕೆ. ಮುಪ್ಪಿಗೆ ಬಂದವರಿಗೆ ಬಡವರ ಸರ್ಕಾರಿ ಆಶ್ರಯಕ್ಕೆ ಸೇರಬೇಕಾದೀತೆಂಬ ಹೆದರಿಕೆ. ವ್ಯಾಪಾರಿಗಳಿಗೆ, ಪ್ರಾಮಾಣಿಕರಾಗಿದ್ದರೆ ಅಂಗಡಿ ನಡೆಯಲಾರದೆಂಬ ಶಂಕೆ. ದಿನಕ್ಕೆ ಹದಿನಾಲ್ಕು ಹದಿನಾರು ತಾಸು ದುಡಿದು ಮೈಯೂ ಮನಸ್ಸೂ ಸವೆದುಹೋಗಿದ್ದ ಒಬ್ಬ ಕಸುಬುದಾರನ ವಿಷಯವನ್ನು ಮ್ಯೂಲರ್ ಬರೆದಿದ್ದಾರೆ. ಕೆಲಸ ಸ್ವಲ್ಪ ಕಡಿಮೆ ಮಾಡಿ ಪ್ರಾರ್ಥನೆಗೆ ಹೊತ್ತು ಮಾಡಿಕೋ ಎಂದರೆ, ಕಡಿಮೆ ಮಾಡಿದರೆ ಸಂಸಾರ ಸಾಕುವುದು ಹೇಗೆ ಎಂದು ಆತ ಕೇಳಿದನಂತೆ. ಸಂಸಾರವನ್ನು ಸಾಕುತ್ತಿರುವುದು ನಿನ್ನ ದುಡಿಮೆಯಲ್ಲ, ದೇವರು ಎಂಬುದು ಮ್ಯೂಲರ್ ಕೊಟ್ಟ ಉತ್ತರ. ಆದರೆ ಬರೀ ಮಾತಿನಿಂದ ಇದು ಯಾರ ಮನಸ್ಸಿಗೂ ಇಳಿಯದೆಂದು ಅವರಿಗೆ ಗೊತ್ತಿತ್ತು. ಕಣ್ಣಿಗೆ ಕಾಣುವ ಒಂದು ಸಾಕ್ಷಿ ಬೇಕಿತ್ತು.

ಆ ಸಾಕ್ಷಿಯಾಗಿ ಅವರು ಆರಿಸಿಕೊಂಡದ್ದು ಅನಾಥಾಲಯ. ಹಾಲೆಯಲ್ಲಿ ಆಗಸ್ಟ್ ಹರ್ಮನ್ ಫ್ರಾಂಕೆ ಕಟ್ಟಿದ್ದ ಅನಾಥಾಲಯ ಅವರ ಕಣ್ಣ ಮುಂದಿತ್ತು. ಮ್ಯೂಲರ್ ಹಾಕಿಕೊಂಡ ಕಟ್ಟು ಸರಳ, ಆದರೆ ಕಠಿಣ: ಯಾವ ಮನುಷ್ಯನ ಮುಂದೆಯೂ ಕೈಚಾಚಬಾರದು, ಕೊರತೆಯನ್ನು ಹೊರಗಿನವರಿಗೆ ಹೇಳಬಾರದು, ಸಾಲ ಮಾಡಬಾರದು. ಕೇಳುವುದಿದ್ದರೆ ದೇವರಲ್ಲಿ. ಬಂದ ಪ್ರತಿಯೊಂದು ಕಾಸಿಗೂ ಲೆಕ್ಕ ಇಡಬೇಕು, ವರದಿ ಅಚ್ಚಾಗಬೇಕು. ಮುಂದೆ, ಕೈಯಲ್ಲಿ ಕಾಸಿಲ್ಲದೆ ರೊಟ್ಟಿ ಹಾಲನ್ನೂ ಕೊಳ್ಳಬಾರದೆಂದು ನಿಶ್ಚಯವಾಯಿತು.

1836ರ ಫೆಬ್ರವರಿ ಆರಂಭದಲ್ಲಿ ಮಕ್ಕಳನ್ನು ಸೇರಿಸಿಕೊಳ್ಳಲು ಒಂದು ದಿನ ಗೊತ್ತುಮಾಡಿ ಅವರು ಪ್ರಾರ್ಥನಾಲಯದ ಕೋಣೆಯಲ್ಲಿ ಕಾದು ಕುಳಿತರು. ಎರಡು ತಾಸು ಕಳೆದರೂ ಒಂದು ಮಗುವಿನ ಕಡೆಯವರೂ ಬರಲಿಲ್ಲ. ಮನೆಗೆ ನಡೆಯುವಾಗ ಅವರಿಗೆ ಹೊಳೆಯಿತು. ಹಣಕ್ಕಾಗಿ, ಮನೆಗಾಗಿ, ನೋಡಿಕೊಳ್ಳುವವರಿಗಾಗಿ, ಸಾಮಾನು ಸರಂಜಾಮಿಗಾಗಿ ಪ್ರಾರ್ಥಿಸಿದ್ದಾಗಿತ್ತು, ಮಕ್ಕಳನ್ನು ಕಳುಹಿಸು ಎಂದು ಮಾತ್ರ ಕೇಳಿರಲಿಲ್ಲ! ಅನಾಥ ಮಕ್ಕಳಿಗೇನು ಬರವೇ, ಬಂದೇ ಬರುತ್ತಾರೆ ಎಂದು ತಾವೇ ತೀರ್ಮಾನಿಸಿಬಿಟ್ಟಿದ್ದರು. ಆ ಸಂಜೆ ಅದಕ್ಕಾಗಿಯೂ ಮೊಣಕಾಲೂರಿದರು. ಮೊದಲ ಅರ್ಜಿ ಮರುದಿನ ಬಂತು. ದಿನನಿತ್ಯದ ಭರವಸೆಯ ವಿಷಯದಲ್ಲಿ ಇದಕ್ಕಿಂತ ಸ್ಪಷ್ಟವಾದ ಪಾಠ ಸಿಗುವುದು ಕಷ್ಟ. ಮನುಷ್ಯ ದೇವರಿಗೆ ಒಪ್ಪಿಸಲು ಮರೆಯುವುದು ಕಷ್ಟದ ಸಂಗತಿಗಳನ್ನಲ್ಲ, ತಾನಾಗಿಯೇ ನಡೆದುಹೋಗುತ್ತದೆ ಎಂದುಕೊಂಡ ಸಂಗತಿಗಳನ್ನು.

ವಿಲ್ಸನ್ ಬೀದಿಯ ಬಾಡಿಗೆ ಮನೆಯಲ್ಲಿ ಏಪ್ರಿಲ್ ತಿಂಗಳು ಕೆಲಸ ಶುರುವಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಕೈ ಬರಿದಾಗತೊಡಗಿತು. 1838ರ ಸೆಪ್ಟೆಂಬರಿನಲ್ಲಿ ದಿನದಿನದ ಊಟಕ್ಕೆ ಮನೆಯವರೆಲ್ಲ ಕೂಡಿ ಪ್ರಾರ್ಥಿಸುತ್ತಿದ್ದರು. ಹಾಗಿರುವಾಗ ಲಂಡನ್ ಕಡೆಯಿಂದ ಬಂದಿದ್ದ ಒಬ್ಬ ಹೆಂಗಸು ಮೂರು ಪೌಂಡು ಚಿಲ್ಲರೆ ತಂದುಕೊಟ್ಟಳು. ಅದು ಅವಳ ಮಗಳು ಕೊಟ್ಟುಕಳುಹಿಸಿದ ಹಣ. ಆಮೇಲೆ ತಿಳಿದದ್ದೇನೆಂದರೆ, ಅವಳು ಊರಿಗೆ ಬಂದು ನಾಲ್ಕೈದು ದಿನವಾಗಿತ್ತು, ಇಳಿದುಕೊಂಡಿದ್ದು ಹುಡುಗರ ಅನಾಥಾಲಯದ ಪಕ್ಕದ ಮನೆಯಲ್ಲೇ. ಗೋಡೆಯ ಈಚೆ ಪ್ರಾರ್ಥನೆ, ಆಚೆ ಹಣ. ದೇವರು ಕೊಡಬೇಕೆಂದು ಮೊದಲೇ ನಿಶ್ಚಯಿಸಿದ್ದ, ಮಕ್ಕಳ ಪ್ರಾರ್ಥನೆ ಕೇಳುವ ಆಸೆಯಿಂದ ಅಷ್ಟು ದಿನ ತಡೆದಿದ್ದ ಎಂದು ಮ್ಯೂಲರ್ ಅದನ್ನು ಅರ್ಥಮಾಡಿಕೊಂಡರು.

ವರದಿ ಅಚ್ಚು ಹಾಕುವುದೂ ಒಂದು ಬಗೆಯ ಬೇಡಿಕೆಯೇ ಅಲ್ಲವೇ ಎಂಬ ಆಕ್ಷೇಪವಿದೆ. ಕೇಳಬೇಕಾದ ಪ್ರಶ್ನೆಯೇ ಅದು. 1841ರ ಡಿಸೆಂಬರಿನಲ್ಲಿ ಅದೇ ಪ್ರಶ್ನೆ ಮ್ಯೂಲರ್ ಎದುರಿಗೂ ಬಂತು. ಕೊರತೆ ತೀವ್ರವಾಗಿತ್ತು, ವಾರ್ಷಿಕ ಸಭೆ ನಡೆಸಿ ವರದಿ ಓದುವ ಹೊತ್ತೂ ಅದೇ ಆಗಿತ್ತು. ಜನರ ಮುಂದೆ ಆಗ ನಿಂತರೆ ಅದು ಯಾಚನೆಯಂತೆ ಕಂಡೀತೆಂದು ಸಭೆಯನ್ನೂ ವರದಿಯನ್ನೂ ತಿಂಗಳುಗಟ್ಟಲೆ ಮುಂದೂಡಿದರು. ಹಣ ಬೇಕಾದವರು ಸಾಮಾನ್ಯವಾಗಿ ಮಾಡುವ ಕೆಲಸ ಅದಲ್ಲ.

1849ರಲ್ಲಿ ಬ್ರಿಸ್ಟಲಿನ ಆ್ಯಶ್ಲಿ ಡೌನ್ ದಿಣ್ಣೆಯ ಮೇಲೆ ಮುನ್ನೂರು ಮಕ್ಕಳಿಗೆ ಸಾಲುವ ಮೊದಲ ಸ್ವಂತ ಕಟ್ಟಡ ತೆರೆಯಿತು. 1857ರ ನವೆಂಬರ್ ಕೊನೆಯಲ್ಲಿ ಆ ಕಟ್ಟಡವನ್ನು ಬಿಸಿಯಾಗಿಡುತ್ತಿದ್ದ ಬಾಯ್ಲರ್ ಸೋರತೊಡಗಿತು. ಸುತ್ತಲೂ ಇಟ್ಟಿಗೆ ಕಟ್ಟಿದ ಬಾಯ್ಲರ್. ಇಟ್ಟಿಗೆ ಒಡೆಯದೆ ಬಿರುಕು ಎಲ್ಲಿದೆಯೆಂದು ಕಾಣುವಂತಿಲ್ಲ, ಬೆಂಕಿ ಆರಿಸದೆ ಒಡೆಯುವಂತಿಲ್ಲ. ಪುಟ್ಟ ಮಕ್ಕಳು ಚಳಿಗೆ ನಡುಗಬಾರದೆಂದು ಗ್ಯಾಸ್ ಒಲೆಯಂಥ ಬೇರೆ ದಾರಿಗಳನ್ನೆಲ್ಲ ಮ್ಯೂಲರ್ ವಿಚಾರಿಸಿ ನೋಡಿದರು, ಯಾವುದೂ ಸಾಲದಾಯಿತು. ಬಾಯ್ಲರ್ ಕೆಲಸದವರಿಗೆ ಹೇಳಿಕಳುಹಿಸಿ ಬುಧವಾರ ಬೆಂಕಿ ಆರಿಸುವುದೆಂದು ಗೊತ್ತಾಯಿತು. ಅಷ್ಟರಲ್ಲಿ ಉತ್ತರದ ಗಾಳಿ ಎದ್ದಿತು. ಇಂಗ್ಲೆಂಡಿನಲ್ಲಿ ಉತ್ತರದ ಗಾಳಿಯೆಂದರೆ ಮೈ ಕೊರೆಯುವ ಚಳಿ. ಅವರು ದೇವರಲ್ಲಿ ಎರಡನ್ನು ಕೇಳಿದರು: ಗಾಳಿ ದಕ್ಷಿಣಕ್ಕೆ ತಿರುಗಲಿ, ಕೆಲಸಗಾರರಿಗೆ ದುಡಿಯುವ ಮನಸ್ಸು ಬರಲಿ. ಮಂಗಳವಾರ ಸಂಜೆಯವರೆಗೂ ಉತ್ತರದ ಗಾಳಿಯೇ ಬೀಸಿತು. ಬುಧವಾರ ದಕ್ಷಿಣದ ಗಾಳಿ. ಒಲೆ ಉರಿಸುವ ಅಗತ್ಯವೇ ಇಲ್ಲದಷ್ಟು ಹಿತವಾದ ಹವೆ. ಆ ರಾತ್ರಿ ಬಾಯ್ಲರ್ ಸಂಸ್ಥೆಯ ಯಜಮಾನ, ಇವರು ತಡರಾತ್ರಿಯವರೆಗೆ ಕೆಲಸ ಮಾಡಿ ನಾಳೆ ಬೇಗ ಬರುತ್ತಾರೆ ಎಂದಾಗ, ಕೆಲಸಗಾರರ ಮುಂದಾಳು ರಾತ್ರಿಯಿಡೀ ದುಡಿಯುತ್ತೇವೆ ಎಂದ. ಸುಮಾರು ಮೂವತ್ತು ತಾಸಿನಲ್ಲಿ ಬಿರುಕು ಮುಚ್ಚಿ, ಇಟ್ಟಿಗೆ ಮತ್ತೆ ಎದ್ದು, ಬೆಂಕಿ ಹೊತ್ತಿತು.

ಗಾಳಿ ಹೇಗಿದ್ದರೂ ತಿರುಗುತ್ತಿತ್ತೇನೋ ಎನ್ನುವವರು ಇದ್ದಾರೆ. ಆ ವಾದವನ್ನು ಒಂದು ಘಟನೆಯಿಂದ ಬಗೆಹರಿಸಲಾಗದು. ಭರವಸೆಯ ಸ್ವರೂಪವಂತೂ ಇಲ್ಲಿ ಚೆನ್ನಾಗಿ ಕಾಣುತ್ತದೆ. ವಿಚಾರಿಸುವುದು, ಕೆಲಸದವರನ್ನು ಕರೆಸುವುದು, ದಿನ ಗೊತ್ತುಮಾಡುವುದು ಮನುಷ್ಯನ ಪಾಲು. ಗಾಳಿಯೂ ಇನ್ನೊಬ್ಬರ ಮನಸ್ಸೂ ಅವನ ಕೈಯಲ್ಲಿಲ್ಲ. ಆ ಪಾಲನ್ನು ಅವನು ಬಿಟ್ಟುಕೊಡುತ್ತಾನೆ, ತನ್ನ ಪಾಲನ್ನು ಬಿಡುವುದಿಲ್ಲ. ಕೆಲಸ ಮಾಡಲೊಲ್ಲದವನು ಊಟವನ್ನೂ ಕೇಳಬಾರದೆಂದು ಅಪೊಸ್ತಲ ಪೌಲನು ಥೆಸಲೋನಿಕದ ಸಭೆಗೆ ಬರೆದದ್ದು ಇದೇ ಅರ್ಥದಲ್ಲಿ. ದೇವಾಲಯದ ತುದಿಯಿಂದ ಧುಮುಕು, ದೂತರು ಎತ್ತಿಹಿಡಿಯುತ್ತಾರೆ ಎಂದು ಸೈತಾನ ಹುರಿದುಂಬಿಸಿದಾಗ ಯೇಸು ಒಪ್ಪಲಿಲ್ಲ. ಅದು ದೇವರನ್ನು ನಂಬುವುದಲ್ಲ, ಪರೀಕ್ಷಿಸುವುದು. ಔಷಧ ಬಿಟ್ಟು ಪ್ರಾರ್ಥನೆಗೆ ಕೂರುವುದು, ಓದದೆ ಪರೀಕ್ಷೆಗೆ ಹೋಗುವುದು, ತೀರಿಸುವ ದಾರಿ ಯೋಚಿಸದೆ ಸಾಲ ಎತ್ತುವುದು ಈ ಎರಡನೆಯ ಸಾಲಿಗೆ ಸೇರುತ್ತವೆ.

ಕೇಳಿದ್ದೆಲ್ಲ ಸಿಗುತ್ತದೆ ಎಂಬ ಖಾತ್ರಿಯೂ ಭರವಸೆಯಲ್ಲ. ಅನಾಥಾಲಯ ಶುರುವಾಗುವ ಮುಂಚಿನ ವರ್ಷ, 1835ರಲ್ಲಿ, ಮ್ಯೂಲರ್ ದಂಪತಿಯ ಹಸುಗೂಸು ಎಲೀಯ ತೀರಿಕೊಂಡ. 1870ರಲ್ಲಿ ಹೆಂಡತಿ ಮೇರಿ ಕಣ್ಮುಚ್ಚಿದರು, ಸುಮಾರು ನಲವತ್ತು ವರ್ಷದ ದಾಂಪತ್ಯದ ನಂತರ. ಅವರ ಉತ್ತರಕ್ರಿಯೆಯ ಪ್ರಸಂಗವನ್ನು ಮ್ಯೂಲರ್ ತಾವೇ ಮಾಡಿದರು. ವಿಷಯ: ದೇವರು ಒಳ್ಳೆಯವನು, ಅವನು ಮಾಡುವುದೆಲ್ಲ ಒಳ್ಳೆಯದು. ಅನಾಥಾಲಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಜಾಗವಾದಾಗ, ಜೀವಮಾನದಲ್ಲಿ ಹತ್ತು ಸಾವಿರ ಮಕ್ಕಳನ್ನು ಸಾಕಿದಾಗ ಆಡಬಹುದಾದ ಮಾತನ್ನು ಅವರು ಹೆಂಡತಿಯನ್ನು ಕಳೆದುಕೊಂಡ ಹೊತ್ತಿನಲ್ಲಿ ಆಡಿದರು.

ಎಲ್ಲರಿಗೂ ಹಾಗೆ ಆಡಲು ಬರುವುದಿಲ್ಲ, ಬೈಬಲ್ ಅದನ್ನು ಒತ್ತಾಯಿಸುವುದೂ ಇಲ್ಲ. ಕೀರ್ತನೆಗಳಲ್ಲಿ ಬಹಳಷ್ಟು ಅಳುವಿನ ಹಾಡುಗಳು. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಮಾತೂ ಕೊನೆಯಲ್ಲಿಲ್ಲ. ಸಂಕಟದಲ್ಲಿ ಬಿದ್ದ ಯೋಬನು ದೇವರೊಂದಿಗೆ ವಾದಕ್ಕೇ ಇಳಿಯುತ್ತಾನೆ. ಗೆತ್ಸೇಮನೆ ತೋಟದಲ್ಲಿ ಯೇಸುವೇ ಸಂಕಟಪಟ್ಟು, ಮುಂದಿದ್ದ ಯಾತನೆಯ ಪಾತ್ರೆ ತಮ್ಮಿಂದ ದಾಟಿಹೋಗಲಿ ಎಂದು ಬೇಡಿದರು. ಅದು ದಾಟಲಿಲ್ಲ. ಇವರೆಲ್ಲರೂ ಅತ್ತದ್ದು ದೇವರ ಕಡೆಗೆ ಮುಖಮಾಡಿ. ದೂರಿದರೂ ಮಾತು ಬಿಡಲಿಲ್ಲ, ಹಾಗಾಗಿ ಆ ದೂರೂ ಭರವಸೆಯೊಳಗಿನದೇ. ಮನೆಯಲ್ಲಿ ಸಾವಾದವರಿಗೆ, ಕೆಲಸ ಕಳೆದುಕೊಂಡವರಿಗೆ ‘ನಿಮ್ಮ ನಂಬಿಕೆ ಸಾಲದು’ ಎಂದು ಹೇಳುವವರು ಈ ಪುಟಗಳನ್ನು ಓದಿಲ್ಲ, ಅಥವಾ ಓದಿಯೂ ಮನಸ್ಸಿಗೆ ತಂದುಕೊಂಡಿಲ್ಲ.

ದಿನದ ಬದುಕಿನಲ್ಲಿ ಇದನ್ನು ರೂಢಿಸಿಕೊಳ್ಳುವ ದಾರಿಯನ್ನು ಪೌಲನು ಸೆರೆಮನೆಯಿಂದ ಫಿಲಿಪ್ಪಿಯವರಿಗೆ ಬರೆದ ಪತ್ರ ಹೇಳುತ್ತದೆ. ಚಿಂತೆ ಬಂದಾಗ ಅದನ್ನು ಹೆಸರಿಟ್ಟು ಕೇಳುವುದು, ಕೇಳುವಾಗಲೇ ಕೃತಜ್ಞತೆ ಸಲ್ಲಿಸುವುದು. ಶಾಲೆಯ ಫೀಜು, ಅಮ್ಮನ ರಕ್ತದೊತ್ತಡ, ಮುರಿದ ಮಾತುಕತೆ, ಹೀಗೆ ಬಿಡಿಬಿಡಿಯಾಗಿ. ಮಂಗಳೂರು ಕಡೆಯ ಕಥೋಲಿಕರಲ್ಲಿ ಕೃತಜ್ಞತೆಗೆ ಸೆಪ್ಟೆಂಬರ್ 8 ಮೀಸಲು. ಅದು ಮರಿಯಮ್ಮನವರ ಹುಟ್ಟುಹಬ್ಬ, ಕೊಂಕಣಿಯಲ್ಲಿ ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆಹಬ್ಬ. ಮಕ್ಕಳು ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಇಗರ್ಜಿಯಲ್ಲಿ ಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಮನೆಯಲ್ಲಿ ಕಾಳು ಬಿಡಿಸಿ, ಸಿಪ್ಪೆ ಸುಲಿದು, ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಪ್ರಾರ್ಥನೆ ಮುಗಿಸಿ, ಹಿರಿಯರ ಕೈಯಿಂದ ಅದನ್ನು ತೆಗೆದುಕೊಂಡ ಮೇಲೆಯೇ ಊಟ, ಅದೂ ತರಕಾರಿಯ ಊಟ. ಗದ್ದೆ ಇಲ್ಲದವರಿಗೂ ತೆನೆ ಉಂಟು. ಮುಂಬಯಿಯಲ್ಲೋ ಕೊಲ್ಲಿ ದೇಶಗಳಲ್ಲೋ ದುಡಿಯುವ ಮಕ್ಕಳಿಗೆ ನಾಲ್ಕು ಕಾಳನ್ನು ಕಾಗದದಲ್ಲಿ ಮಡಚಿ ಊರಿನಿಂದ ಕಳುಹಿಸುವ ಮನೆಗಳಿವೆ.