ಮಂಡಿ ಸವೆದದ್ದು ಯಾರ ಲೆಕ್ಕಕ್ಕೆ?

ಮೊನ್ನೆ ಕೊಡಗಿನಿಂದ ನಿವೃತ್ತ ಸುಬೇದಾರ್ ಒಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಎರಡನೇ ಮಹಡಿ. ಅವತ್ತೇ ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತುವಾಗ ಮೂರು ಕಡೆ ನಿಂತರು. ಕೈ ಹಿಡಿಯೋಕೆ ಹೋದ್ರೆ ‘ಬೇಡ ಸಾರ್’ ಅಂದ್ರು. ಸಿಯಾಚಿನ್ ಹತ್ತಿ ಇಳಿದ ಮನುಷ್ಯ!

2021ರಲ್ಲಿ ನಿವೃತ್ತಿಯಾಗುವಾಗ ವೈದ್ಯಕೀಯ ಮಂಡಳಿ ಬರೆದ ಕಾಗದ ತೋರಿಸಿದರು. ಎರಡೂ ಮಂಡಿಗಳಲ್ಲಿ ಸಂಧಿವಾತ, ಅಂಗವೈಕಲ್ಯ ಶೇ. 20. ಕೆಳಗೆ ಇನ್ನೊಂದು ಸಾಲು: ಇದು ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ವಯಸ್ಸಿನ ಸವೆತವಂತೆ. ಅಲ್ಲಾ ಸ್ವಾಮಿ, ಸೇರಿಸಿಕೊಳ್ಳುವಾಗ ಓಡಿಸಿ, ಕಾಲು ಜೋಡಿಸಿ ನಿಲ್ಲಿಸಿ, ಮಂಡಿಗೆ ಮಂಡಿ ತಾಗುತ್ತಾ ಅಂತ ಪರೀಕ್ಷಿಸಿದವರು ನೀವೇ ತಾನೇ?

ಆ ಒಂದು ಸಾಲಿನಿಂದ ಅಂಗವೈಕಲ್ಯದ ಪಿಂಚಣಿ ಸೊನ್ನೆ.

ಸುಪ್ರೀಂ ಕೋರ್ಟ್ 2013ರಲ್ಲೇ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಸೇರುವಾಗ ದಾಖಲಾಗದ ಕಾಯಿಲೆ ಆಮೇಲೆ ಬಂದರೆ, ಅದು ಸೇವೆಯಿಂದಲೇ ಬಂತು ಅಂತ ಭಾವಿಸಬೇಕು. ಅಲ್ಲ ಅನ್ನೋ ಮಂಡಳಿ ಕಾರಣ ಬರೆಯಬೇಕು. ಅನುಮಾನವಿದ್ದರೆ ಅದರ ಲಾಭ ಸೈನಿಕನಿಗೆ. ಅದು ಮೂರ್ಛೆರೋಗದ ಕೇಸು ನಿಜ, ಆದರೆ ತತ್ತ್ವ ಮಂಡಿಗೂ ಅದೇ. ಇವರ ಕಾಗದದಲ್ಲಿ ಕಾರಣದ ಜಾಗದಲ್ಲಿ ಒಂದೇ ಪದ ಇದೆ!

2014ರ ರಾಮ್ ಅವತಾರ್ ತೀರ್ಪು ಇನ್ನೂ ಮುಂದೆ ಹೋಯ್ತು. ಅವಧಿ ಮುಗಿಸಿ ನಿವೃತ್ತರಾದವರಿಗೂ ಶೇ. 20 ಅನ್ನು 50 ಎಂದೇ ಲೆಕ್ಕ ಹಾಕಬೇಕು. ಕೊನೆಯ ವೇತನ 70,000 ಅಂತಿಟ್ಟುಕೊಳ್ಳಿ. ನೂರಕ್ಕೆ ನೂರು ಅಂಗವೈಕಲ್ಯಕ್ಕೆ ಅದರ ಶೇ. 30, ಅಂದ್ರೆ 21,000. ಇಪ್ಪತ್ತಕ್ಕೆ 4,200, ಐವತ್ತಕ್ಕೆ 10,500. ತಿಂಗಳು ತಿಂಗಳೂ.

ಸುಳ್ಳು ಹೇಳಿ ತಗೊಳ್ಳೋರು ಇಲ್ವಾ? ಇರ್ತಾರೆ, ಹಿಡೀರಿ. ಅದಕ್ಕೆ ಇವರ ಮಂಡಿ ಯಾಕೆ ದಂಡ ಕಟ್ಟಬೇಕು? 2023ರ ಸೆಪ್ಟೆಂಬರ್ ನಂತರ ನಿವೃತ್ತರಾದವರಿಗೆ ಹೊಸ ನಿಯಮ ಬಂದಿದೆ. ಅವರು ಅದನ್ನ ಬೇರೆಯಾಗಿ ಓದಿಕೊಳ್ಳಬೇಕು. ಇವರು ಹಳೆಯ ನಿಯಮದವರು.

ಎರಡೂ ಮೇಲ್ಮನವಿ ತಿರಸ್ಕಾರವಾಗಿವೆ. ಉಳಿದದ್ದು ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರಿಗೆ ಕೊಚ್ಚಿಯ ಪೀಠ ಇದೆ. ಅಂತಿಮ ಆದೇಶದಿಂದ ಆರು ತಿಂಗಳ ಗಡುವು, ಇವರಿಗೆ ಉಳಿದದ್ದು ಹತ್ತೊಂಬತ್ತು ದಿನ. ‘ಯಾಕೆ ಸುಮ್ಮನಿದ್ರಿ?’ ಅಂದೆ.

‘ಉಪ್ಪು ತಿಂದ ಮನೆ ಮೇಲೆ ಕೇಸ್ ಹಾಕೋದು ಹೇಗೆ ಸಾರ್?’

ನನ್ನ ಬಾಯಿ ಕಟ್ಟಿತು. ಪರಿಚಯದ ವಕೀಲರೊಬ್ಬರ ನಂಬರ್ ಬರೆದುಕೊಟ್ಟೆ. ಮಡಚಿ ಜೇಬಿಗಿಟ್ಟುಕೊಂಡರು. ಇಳಿಯುವಾಗ ಕಂಬಿ ಹಿಡಿದು, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿದರು. ಸವೆದ ಮಂಡಿಗೆ ಹತ್ತೋದಕ್ಕಿಂತ ಇಳಿಯೋದೇ ಕಷ್ಟವಂತೆ.