ಕೈ ಬದಲಾಗುವ ಜಾಗ

ಕೆಲಸ ಕೆಟ್ಟಾಗ ನಮ್ಮ ಬಾಯಿಂದ ಮೊದಲು ಬರುವ ಪ್ರಶ್ನೆ, ‘ಇದು ಯಾರ ತಪ್ಪು?’

1999ರ ಸೆಪ್ಟೆಂಬರ್‌ನಲ್ಲಿ, ನಾಸಾ ಕಳಿಸಿದ್ದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳ ಗ್ರಹಕ್ಕೆ ತೀರ ಸಮೀಪ ಹೋಗಿ ಇಲ್ಲವಾಯಿತು. ನೌಕೆಯ ಹಾದಿ ಲೆಕ್ಕ ಹಾಕಲು ಒಂದು ತಂಡದ ತಂತ್ರಾಂಶ ಬಲದ ಅಂಕಿಯನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟಿತ್ತು. ಇನ್ನೊಂದು ತಂಡ ಅದನ್ನು ನ್ಯೂಟನ್ ಲೆಕ್ಕ ಎಂದುಕೊಂಡಿತ್ತು. ಹಾದಿಯ ಲೆಕ್ಕ ಹೊಂದುತ್ತಿಲ್ಲ ಎಂದು ಕೆಲವರಿಗೆ ಮೊದಲೇ ಅನ್ನಿಸಿತ್ತು. ಆದರೆ ಆ ಅನುಮಾನ ಈಮೇಲ್ ಮಾತುಕತೆಯಲ್ಲೇ ಉಳಿಯಿತು. ನಿಯಮದಂತೆ ದಾಖಲಾಗಲಿಲ್ಲ.

ಮನುಷ್ಯರೆಂದ ಮೇಲೆ ತಪ್ಪಾಗುತ್ತದೆ. ಅದನ್ನು ಹಿಡಿಯಬೇಕಾದ ತನ್ನ ಪದ್ಧತಿಯೇ ಸೋತಿತು ಎಂದು ನಾಸಾ ಆಮೇಲೆ ಒಪ್ಪಿಕೊಂಡಿತು. ಎಷ್ಟು ದೊಡ್ಡ ಮಾತು ಅದು!

ವಿನ್ಯಾಸದ ಕೆಲಸ ಎಲ್ಲೇ ನಡೆಯಲಿ, ನಕ್ಷೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತಿರುತ್ತದೆ. ನನ್ನ ಭಾಗ ಸರಿಯಿರಬಹುದು, ನಿಮ್ಮದೂ ಸರಿಯಿರಬಹುದು. ಎಷ್ಟೋ ಸಲ ಕೆಡುವುದು ಕೈ ಬದಲಾಗುವ ಜಾಗದಲ್ಲಿ. ಆ ಜಾಗಕ್ಕೆ ಯಾರೊಬ್ಬರೂ ಯಜಮಾನರಲ್ಲ. ಹಾಗಾಗಿಯೇ ಅದರ ಹೊಣೆ ಎಲ್ಲರದೂ ಆಗಬೇಕು.

ಇವತ್ತು ಕೆಲಸದಲ್ಲಿ ಏನಾದರೂ ಹೊಂದದಿದ್ದರೆ ಕೂಡಲೇ ಹೇಳೋಣ, ಬರೆದಿಡೋಣ. ಹೇಳಿದವರ ಮಾತಿಗೆ ಕಿವಿಗೊಡೋಣ. ನಾವು ಕೆಲಸ ಮಾಡುವ ರೀತಿಯಲ್ಲಿ ಏನು ಬದಲಾಗಬೇಕು ಎಂದು ಒಟ್ಟಿಗೆ ಕೂತು ಕೇಳಿಕೊಳ್ಳೋಣ. ಅಲ್ಲಿಂದಲೇ ತಂಡ ಗಟ್ಟಿಯಾಗುತ್ತದೆ.