ಬೆಳಕಿನ ರುಜು



ವಸ್ತುವಿನ ಮೇಲೆ ಬಿದ್ದು ಚದರುವ ಬೆಳಕಿನಲ್ಲಿ ಅತ್ಯಲ್ಪ ಅಂಶ ಬಣ್ಣ ಬದಲಿಸುತ್ತದೆ. ಆ ಬದಲಾವಣೆ ಒಂದೊಂದು ಅಣುವಿಗೆ ಒಂದೊಂದು ಬಗೆ. ಇದನ್ನು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದ ಸಿ. ವಿ. ರಾಮನ್ನರು ಮುಂದೆ ಬೆಂಗಳೂರಿನಲ್ಲೇ ನೆಲೆಸಿದರು. ಅವರ ಶೋಧವೀಗ ವೈರಸ್ಸಿನ ಬೆನ್ನುಹತ್ತಿದೆ.

ಭಾರತದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ಪ್ರಕಟವಾದದ್ದು ನಮ್ಮ ಕರ್ನಾಟಕದಲ್ಲಿಯೇ. ವೈರಸ್ಸಿನ ಸುಮಾರು 30,000 ಅಕ್ಷರಗಳ ಜೀನೋಮನ್ನು ಓದಿ ರೂಪಾಂತರವನ್ನು ಖಚಿತಪಡಿಸಲು ಆಗ ದಿನಗಳೇ ಹಿಡಿಯುತ್ತಿದ್ದವು. ಅಷ್ಟರಲ್ಲಿ ಸೋಂಕು ಊರು ದಾಟಬಹುದಲ್ಲವೆ?

ಬೆಳ್ಳಿ ಇಲ್ಲವೆ ಚಿನ್ನದ ಅತಿಸೂಕ್ಷ್ಮ ಕಣಗಳ ಬಳಿ ವೈರಸ್ಸನ್ನಿಟ್ಟು ಲೇಸರ್ ಹಾಯಿಸಿದರೆ, ರಾಮನ್ನರು ಕಂಡ ಆ ಕ್ಷೀಣ ಬೆಳಕು ಪ್ರಬಲವಾಗುತ್ತದೆ. ಅದರಲ್ಲಿ ರೂಪಾಂತರಗಳ ನಡುವಣ ಸೂಕ್ಷ್ಮ ಭೇದವನ್ನು ಹುಡುಕಲು ಕೃತಕ ಬುದ್ಧಿಮತ್ತೆಯನ್ನು ಪಳಗಿಸುವ ಯತ್ನ ಪ್ರಯೋಗಶಾಲೆಗಳಲ್ಲಿ ನಡೆದಿದೆ. ಫಲಿತಾಂಶ ಬೇಗ ದೊರೆಯಲೆಂಬುದೇ ಉದ್ದೇಶ.

ಬ್ಯಾಂಕಿನ ಗುಮಾಸ್ತನಾದ ನನಗೆ ಇದು ಮಾದರಿ ರುಜುವಿನಂತೆ ತೋರುತ್ತದೆ. ಸಾವಿರ ಚೆಕ್ಕು ಕಂಡ ಕಣ್ಣು ಒಂದು ಓರೆಗೆರೆಯನ್ನೂ ಹಿಡಿಯುತ್ತದೆ. ಆದರೆ ಮಾದರಿಯೇ ಇಲ್ಲದ ರುಜು ಬಂದರೆ? ಯಾವುದೋ ಹಳೆಯ ಖಾತೆಗೆ ಹೊಂದಿಸಿ ಹಣ ಕೊಡಲಾದೀತೆ? ಹೊಸ ರೂಪಾಂತರ ಅಂಥ ರುಜು. “ಇದನ್ನು ನಾನರಿಯೆ, ಜೀನೋಮ್ ಓದಿಸಿ” ಎನ್ನಲು ಕಲಿತ ಯಂತ್ರವನ್ನೇ ನಾವು ನಂಬಬೇಕು.